ಮೂವತ್ತೇಳೂವರೆ

ಮಂಡಿಪೇಟೆಯ ಸೀರೆ ಅಂಗಡಿಯ ಮೇಲೆ
ಎರಡು ಕುರ್ಚಿ, ಒಂದು ಪರದೆ, ನಾನು.
ಖಲಂದರ್ ಸಾಬರು ಮಂಡಕ್ಕಿ ಭಟ್ಟಿಯಿಂದ ನೇರ ಬಂದಿದ್ದಾರೆ,
ಹುಬ್ಬಿನ ಮೇಲೆ ಇನ್ನೂ ಉಮಿಯ ಬೂದಿ.
ಮೊಬೈಲು ಮುಂದಿಟ್ಟು, ಬೆರಳು ಒತ್ತಿ,
‘ನೋಡ್ರಿ ಮೇಡಂ, ಹನ್ನೆರಡೂವರೆ ಪರ್ಸೆಂಟ್ ಐತಿ!
ಬ್ಯಾಂಕಿನವ್ರು ಏಳು ಕೊಡಾಕ ಹತ್ತು ಸಲ ಅಡ್ಡಾಡಿಸ್ತಾರ.
ಹಾಕಿಬಿಡ್ರಿ ಎರಡು ಲಕ್ಷ.’

ಹನ್ನೆರಡೂವರೆ.
ಈ ಅಂಕಿ ನನಗೆ ಗೊತ್ತು.
ಸೋದರತ್ತೆಯ ಪೆಟ್ಟಿಗೆಯಲ್ಲಿ
ನುಸಿಗುಳಿಗೆಯ ವಾಸನೆ ಹೊದ್ದು ಮಲಗಿದೆ.

ನೀಲಾಂಬಿಕತ್ತೆ, ಹುಡುಗಿಯರ ಶಾಲೆಯ ಹೊಲಿಗೆ ಟೀಚರು,
ಮದುವೆಯ ಮಾತೆತ್ತಿದರೆ ದಾರ ಕಚ್ಚಿ ಹರಿಯುವವಳು,
ಅರವತ್ತೇಳರಲ್ಲಿ ಗಿರಿಜಾ ಮಿಲ್ಲಿನ ಐವತ್ತು ಷೇರು ಕೊಂಡಳು.
ಮುಖಬೆಲೆ ಹತ್ತು, ಅವಳು ಕೊಟ್ಟದ್ದು ಹದಿನೈದು.
ಮಿಲ್ಲು ಹನ್ನೆರಡು ಪರ್ಸೆಂಟ್ ಡಿವಿಡೆಂಡ್ ಘೋಷಿಸಿದಾಗ
ಓಣಿಯವರೆಲ್ಲ ಹನ್ನೆರಡು, ಹನ್ನೆರಡು ಅಂದರೆ
ಇವಳು ಪುಸ್ತಕದಲ್ಲಿ ಬರೆದದ್ದು ಎಂಟು.
‘ಹತ್ತಕ್ಕೆ ಒಂದೂ ಇಪ್ಪತ್ತು, ಅದು ಅವರ ಲೆಕ್ಕ.
ನನ್ನ ಕೈ ಬಿಟ್ಟು ಹೋದದ್ದು ಹದಿನೈದು.
ಅಂಗಡಿಯವನ ಗಜ ಬೇರೆ, ನನ್ನ ಮೊಳ ಬೇರೆ.’

ಪುಸ್ತಕದ ತುಂಬ ಹೀಗೆಯೇ.
ವರ್ಷ. ಬಂದದ್ದು. ಆ ದಿನದ ಬೆಲೆ. ಏನು ತಂದೆ.
ಅರವತ್ತೆಂಟು: ಅರವತ್ತು ರೂಪಾಯಿ; ಕತ್ತರಿ, ಎರಡು ಕುಬಸದ ಕಣ.
ಎಪ್ಪತ್ತೊಂದು: ಅಷ್ಟೇ; ತಂಗಿಯ ಬಾಣಂತನಕ್ಕೆ.
ಎಪ್ಪತ್ತೆರಡು ಖಾಲಿ. ಪಕ್ಕದಲ್ಲಿ ಸಣ್ಣಗೆ, ‘ಹತ್ತಿ ತುಟ್ಟಿ.’
ಎಪ್ಪತ್ತಾರು: ಎಪ್ಪತ್ತೈದು ರೂಪಾಯಿ. ಬೆಲೆ ಇಪ್ಪತ್ನಾಲ್ಕು.
‘ಆರೂಕಾಲು ಬಿತ್ತು’ ಎಂದು ಬರೆದು ಅಡಿಗೆರೆ.
ಆ ಸಂಜೆ ನಮಗೆಲ್ಲ ಬೆಣ್ಣೆ ದೋಸೆ;
ನಾನು ಎರಡು ತಿಂದೆನಂತೆ, ಮೂರನೆಯದಕ್ಕೆ ಅತ್ತೆನಂತೆ.

ಲಕೋಟೆ ಬರುವ ದಿನ ಅವಳಿಗೆ ಗೊತ್ತಿರುತ್ತಿತ್ತು.
ಅಂಚೆಯ ರುದ್ರಮುನಿ ಸೈಕಲ್ಲು ಒರಗಿಸುವ ಮೊದಲೇ
ಕೈ ಒರೆಸಿಕೊಂಡು ಬಾಗಿಲಲ್ಲಿ,
ಮೂರು ಪಾಳಿಗೆ ಕೂಗುವ ಮಿಲ್ಲು
ವರ್ಷಕ್ಕೊಮ್ಮೆ ತನ್ನನ್ನೂ ಕೂಗುತ್ತದೆ ಎನ್ನುವ ಹಾಗೆ.

ಆಮೇಲೆ ಒಂದು ಪುಟ.
ಎಂಬತ್ತಮೂರು: ಷೇರಿಗೆ ಎಪ್ಪತ್ತೈದು ಪೈಸೆ.
ಬಂದದ್ದು ಮೂವತ್ತೇಳೂವರೆ. ಬೆಲೆ ಆರು.
ಭಾಗಿಸಿದ್ದಾಳೆ. ನಂಬದೆ ಮತ್ತೆ ಭಾಗಿಸಿದ್ದಾಳೆ.
ಹನ್ನೆರಡೂವರೆ.
ಕೊಡುವ ಕೈ ಅರ್ಧಕ್ಕೆ ಬಂದ ವರ್ಷವೇ
ಇಳುವರಿ ಎರಡರಷ್ಟು!
ಬೆಲೆ ಇಳಿದರೆ ಇಳುವರಿ ಏರುತ್ತದೆ;
ಮಾತಿನಲ್ಲೇ ಇಳಿ ಇದೆ, ನಾವು ಕೇಳಿಸಿಕೊಳ್ಳುವುದಿಲ್ಲ.
ಅಂಚಿನಲ್ಲಿ ಪೆನ್ಸಿಲು: ‘ಇದು ಮೈ ತುಂಬಿದ್ದಲ್ಲ, ಬಾವು.’

ಮರುವರ್ಷ, ಬಂದಿಲ್ಲ.
ಅದರ ಮರುವರ್ಷ, ಬಂದಿಲ್ಲ.
ಗೇಟಿಗೆ ಬೀಗ ಬಿದ್ದು ನೂಲುವ ಶೆಡ್ಡಿನಲ್ಲಿ ಪಾರಿವಾಳ ಮರಿ ಹಾಕಿದರೂ
ಪುಸ್ತಕದಲ್ಲಿ ಪ್ರತಿ ಸೆಪ್ಟೆಂಬರಿಗೆ ಒಂದು ಸಾಲು,
ಬಂದಿಲ್ಲ, ಬಂದಿಲ್ಲ,
ತೊಂಬತ್ತೊಂದರ ತನಕ.

ಕೊನೆಯ ವಾರಂಟು ಬ್ಯಾಂಕಿಗೆ ಹೋಗಲೇ ಇಲ್ಲ.
ಚುಕ್ಕಿ ತೂತಿನ ಅಂಚು ಹರಿಯದೆ ಹಾಗೇ ಇದೆ.
ಮರೆತೆಯಾ ಅತ್ತೆ, ಎಂದು ಕೇಳಿದ್ದೆ.
‘ಮೂವತ್ತೇಳೂವರೆಗೆ ಆಗ ಏನು ಬರ್ತಿತ್ತೋ, ನೆನಪಿಲ್ಲ.
ನಗದು ಮಾಡಿಸಿದ್ದರೆ ಅದೂ ಮುಗೀತಿತ್ತು.’

ಸಾಬರಿಗೆ ಇದನ್ನೆಲ್ಲ ಹೇಳಲಿಲ್ಲ.
ಪರದೆ ಅವರತ್ತ ತಿರುಗಿಸಿ ಆರು ವರ್ಷದ ಸಾಲು ತೆಗೆದೆ.
ಷೇರಿಗೆ ಎಂಟು, ಎಂಟು, ಏಳು, ಎಂಟು, ಆರು, ಐದು.
ಈ ಕಡೆ ಬೆಲೆ: ನೂರರವತ್ತು ಇದ್ದದ್ದು ನಲವತ್ತು.
ಮರಳು ಕಾದಿದೆಯೋ ಎಂದು ಬಾಣಲೆ ನೋಡುವ ಹಾಗೆ
ಬಹಳ ಹೊತ್ತು ನೋಡಿದರು.
‘ಬೆಂಕಿ ಮಿತಿ ಮೀರಿದಾಗ್ಲೂ ಅಕ್ಕಿ ಭಾಳ ಚೊಲೊ ಅರಳತೈತಿ.
ಒಂದು ಗಳಿಗೆ.’
ಬೂದಿ ಒರೆಸಿಕೊಂಡರು. ಎದ್ದರು. ಬಾಗಿಲ ಬಳಿ ನಿಂತರು.
‘ಆದ್ರೂ ಒಂದು ಐವತ್ತು ಸಾವಿರ ಹಾಕ್ರಿ ಮೇಡಂ.’

ಸೊನ್ನೆ ಎಣಿಸಿ ಒತ್ತುವಾಗ
ಕೆಳಗೆ ಅಂಗಡಿಯಲ್ಲಿ ಬಟ್ಟೆ ಹರಿದ ಸದ್ದು,
ನೇರ, ಒಂದೇ ಎಳೆಗೆ.