ಒಂದೂವರೆ ಮಿಲಿಮೀಟರು

ಇರ್ಕುತ್ಸ್ಕ್. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಅಣೆಕಟ್ಟು ದಾಟಿ ಬಂದ ಅಂಗಾರಾ ಮಾತ್ರ
ಹೆಪ್ಪುಗಟ್ಟಲು ಒಪ್ಪದೆ
ಈಗಷ್ಟೇ ಒಲೆಯಿಂದ ಇಳಿಸಿದ ಎಸರಿನಂತೆ ಹಬೆಯಾಡುತ್ತಿದೆ.
ನಮ್ಮ ನೆಲಮಾಳಿಗೆಯ ಅಂಗಡಿಗೆ ಹದಿನಾಲ್ಕು ಮೆಟ್ಟಿಲು.
ಹದಿನಾಲ್ಕನ್ನೂ ಗ್ಲೆಬ್ ಕಾರ್ಡನ್ನು ಕೋಟಿನೊಳಗೆ ಅವುಚಿಕೊಂಡೇ ಇಳಿದ,
ಜ್ವರದ ಕೂಸನ್ನು ತಂದವನ ಹಾಗೆ.

"ತಾಪ ಅರವತ್ತೆರಡು ದಾಟಿದ್ದೇ ಇಲ್ಲ," ಅಂದ.
"ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ನಾಣ್ಯ ಅಗೆಯಿತು,
ಪರದೆಯ ಮೇಲೆ ಯಾವಾಗ ನೋಡಿದರೂ ಅರವತ್ತೆರಡು.
ನಿನ್ನೆ ಟಪ್ ಅಂತು. ಅಷ್ಟೇ."

ಸೆಸೆಗ್ಮಾ ಉತ್ತರ ಕೊಡಲಿಲ್ಲ, ಮೂಸಿ ನೋಡಿದಳು.
ಈ ಕಸುಬಿನಲ್ಲಿ ಮೂಗೇ ಮೊದಲ ಮೀಟರು.
ಏಳು ತಿರುಪು ಬಿಚ್ಚಿ, ಫ್ಯಾನಿನ ತಂತಿ ಕಳಚಿ,
ಹಳೆಯ ಪೇಸ್ಟು ಗೋಡೆಯ ಸುಣ್ಣದಂತೆ ಉದುರಿದಾಗ
ನನ್ನನ್ನು ಕರೆದಳು: "ಬಾ ಜರ್ಗಾಲ್, ಓದು."

ಓದಿದೆ. ನಡುವೆ ಕನ್ನಡಿಯಂಥ ಚೌಕ, ಅದು ಚಿಪ್ಪು,
ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ.
ಪಕ್ಕದಲ್ಲಿ ಬೂದು ಡಬ್ಬಿಗಳು ಆರು, ನೆತ್ತಿಯ ಮೇಲೆ ಆರ್ ಇಪ್ಪತ್ತೆರಡು:
ಚೋಕುಗಳು, ಒಳಗೆ ತಾಮ್ರದ ಸುರುಳಿ.
ತಗಡಿನ ಟೋಪಿ ಹಾಕಿದ ಗಿಡ್ಡರು ಕೆಪಾಸಿಟರುಗಳು.
"ಮತ್ತೆ?"
ಮತ್ತೇನೂ ಕಾಣಲಿಲ್ಲ ನನಗೆ.

ಹತ್ತಿಯನ್ನು ಸ್ಪಿರಿಟ್ಟಿಗದ್ದಿ ಉಜ್ಜಿದಳು, ದೀಪವನ್ನು ಓರೆ ಮಾಡಿದಳು.
ಡಬ್ಬಿಗಳ ನೆರಳಲ್ಲಿ, ಸೂರ್ಯಕಾಂತಿ ಬೀಜದಷ್ಟೇ ಕಪ್ಪು, ಅಷ್ಟೇ ಸಣ್ಣ,
ಓರೆ ಬೆಳಕಿಗೆ ಮಾತ್ರ ಹೆಸರು ಹೇಳುವ ಚಪ್ಪಟೆ ಚೂರುಗಳು.
"ಮೊಸ್‌ಫೆಟ್ಟು," ಅಂದಳು. "ಬಂದ ಹನ್ನೆರಡು ವೋಲ್ಟನ್ನು
ಕತ್ತರಿಸಿ ಕತ್ತರಿಸಿ ಒಂದಾಗಿಸಿ ಒಳಗೆ ಕಳಿಸುವವರು,
ಸೆಕೆಂಡಿಗೆ ಮೂರು ಲಕ್ಷ ಸಲ."
ಆಮೇಲೆ ಗ್ಲೆಬ್ ಕಡೆ ತಿರುಗಿ:
"ಆರು ಜನ ಸಾಲಾಗಿ ನಿಂತು ಒಬ್ಬನಿಗೇ ಬಡಿಸುತ್ತಾರೆ.
ಉಣ್ಣುವವನ ಹಣೆ ಮುಟ್ಟಿ ಮುಟ್ಟಿ ನೀನು ಅರವತ್ತೆರಡು ಅಂತ ಬರೆದೆ.
ಬಡಿಸುವವರ ಅಂಗೈ ಯಾವತ್ತಾದರೂ ನೋಡಿದೆಯಾ?"

"ಪಟ್ಟಿ ಅಂಟಿಸಿದ್ದೆನಲ್ಲ! ನಾನೇ, ನನ್ನ ಕೈಯಾರೆ,
ದುಬಾರಿ ಪಟ್ಟಿ!"

ಅಂಟಿಸಿದ್ದ, ನಿಜ. ಚೋಕುಗಳ ನೆತ್ತಿಗೆ.
ಎತ್ತರಕ್ಕಿದ್ದವು, ಕಣ್ಣಿಗೆ ಬಿದ್ದವು, ಅಂಟಿಸಿದ.
ಮೃದು ಪಟ್ಟಿಯ ಮೇಲೆ ಆರು ಚೌಕದ ಅಚ್ಚು ಅಚ್ಚುಕಟ್ಟಾಗಿ ಮೂಡಿತ್ತು.
ಅವುಗಳ ಕೆಳಗೆ ಬೀಜಗಳಿಗೂ ಲೋಹಕ್ಕೂ ನಡುವೆ
ಸೆಸೆಗ್ಮಾ ಅಳತೆಯ ಎಲೆ ತೂರಿಸಿ ನೋಡಿದಳು:
ಒಂದೂವರೆ ಮಿಲಿಮೀಟರು, ಬರೀ ಗಾಳಿ.
ಗಾಳಿಯೆಂದರೆ ಕಂಬಳಿ.
ಎರಡು ಗಾಜಿನ ಕಿಟಕಿ ಹಾಕಿ ಬದುಕುವ ಊರಿನವರಿಗೆ
ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಡದಿಂದ ಮೂರನೆಯದಕ್ಕೆ ಮೀಟರಿನ ಮುಳ್ಳು ತಾಗಿದಾಗ
ಪೀ ಎಂಬ ಉದ್ದನೆಯ ಒಂದೇ ಸ್ವರ.
ಬಿಸಿಗಾಳಿ ಊದಿ, ಬೆಸುಗೆ ಮಿನುಗುವವರೆಗೆ ಕಾದು, ಎತ್ತಿದಳು;
ಸತ್ತ ಇನ್ನೊಂದು ಕಾರ್ಡಿನಿಂದ ಕಿತ್ತ ಬದುಕಿದ ಚೂರನ್ನು ಕೂರಿಸಿದಳು.
ಎರಡು ಮಿಲಿಮೀಟರಿನ ಪಟ್ಟಿ ಕೊಯ್ದು, ಈ ಸಲ ಬೀಜಗಳ ಮೇಲೆಯೇ ಇಟ್ಟು,
ತಿರುಪು ಬಿಗಿಸಿದಾಗ ಅದು ಹಿಸುಕಿಕೊಂಡು ಒಂದೂವರೆಯಾಯಿತು.
ಚೋಕುಗಳಿಗೆ ಏನೂ ಇಲ್ಲ.
"ಅವು ತಡೆಯುತ್ತವೆ," ಅಂದಳು.

ಒಂದು ಗಂಟೆ ಓಡಿಸಿದೆವು.
ಸಾಲಿನ ಪಕ್ಕ ಅಂಟಿಸಿದ ತಂತಿಯ ತುದಿ ಎಂಬತ್ತನಾಲ್ಕರಲ್ಲಿ ನಿಂತಿತು.
"ಇದನ್ನು ಬರೆದುಕೋ."
ಫ್ಯಾನು ಉಗುಳಿದ ಬಿಸಿಗೆ ನಾನು ಬೆರಳು ಕಾಯಿಸಿಕೊಂಡೆ,
ಆ ನದಿಯದೇ ಬಿಸಿ, ಎಷ್ಟು ಬಾಗಿಲು ದಾಟಿ ಬಂದದ್ದೋ.

ಗ್ಲೆಬ್ ದುಡ್ಡು ಎಣಿಸುತ್ತಿದ್ದವನು ನಡುವೆ ನಿಂತ.
"ಗ್ಯಾರೇಜಿನಲ್ಲಿ ಇನ್ನೂ ಒಂಬತ್ತಿವೆ."
"ಪಟ್ಟಿ?"
"ಎಲ್ಲಕ್ಕೂ ನಾನೇ ಅಂಟಿಸಿದ್ದು."
"ಈಗ ಓಡುತ್ತಿವೆಯಾ?"
"ಓಡುತ್ತಿವೆ."
"ಎಲ್ಲವೂ ಅರವತ್ತೆರಡೇ?"

ಅವನ ಟೋಪಿ ನಮ್ಮ ಮೇಜಿನ ಮೇಲಿತ್ತು.
ಸೆಸೆಗ್ಮಾ ಅದನ್ನೆತ್ತಿ ಅವನ ಕೈಗಿಟ್ಟಳು.
ಚಿಲ್ಲರೆಗೂ ಕಾಯದೆ
ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದು ಕೇಳಿಸಿತು,
ಏಳು ಹೆಜ್ಜೆ.