ಹತ್ತಕ್ಕೆ ಏಳು

ಮಂಗಳವಾರ ಸಂಜೆ ನಾಲ್ಕಕ್ಕೆ ಬಾಯಿಬೀಗ ತೆರೆಯುತ್ತದೆ.
ಅಲ್ಲಿಯವರೆಗೆ ರೀಗಾದ ಜಿಂತ್ರಾ
ಯಾರಿಗೂ ಏನೂ ಹೇಳುವಂತಿಲ್ಲ, ಸಹಿ ಮಾಡಿದ್ದಾಳೆ.
ಈಗ ಒಂದೂಮುಕ್ಕಾಲು.
ಕಿಟಕಿಯಾಚೆ ದೌಗವಾ ನದಿ ಹೆಪ್ಪುಗಟ್ಟಿ
ಒರೆಸದ ಹಲಗೆಯಂತೆ ಬಿದ್ದಿದೆ,
ಹನ್ನೊಂದನೇ ನಂಬರಿನ ಟ್ರಾಮು ತಿರುವಿನಲ್ಲಿ ಕಿರುಗುಟ್ಟುತ್ತದೆ.
ಆರುನೂರು ಪದ ಬರೆದಾಗಿದೆ.
ಉಳಿದದ್ದು ಒಂದು ಚೌಕ, ಅದರೊಳಗೊಂದು ಅಂಕಿ.

ಆಟ ಇಷ್ಟೇ:
ಹಳೆಯ ಕಾಲದ ಅಂಚೆಯವಳು ನೀವು.
ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಜಾರುಗಾಡಿಗೆ ಕುದುರೆ ಹೂಡಿ
ದ್ವೀಪದವರಿಗೆ ಕಾಗದ ಮುಟ್ಟಿಸಬೇಕು.
ಬಂದೂಕಿಲ್ಲ, ಶತ್ರುವಿಲ್ಲ.
ಲಿಯೆಪಾಯದ ಗಾಳಿಯಲ್ಲಿ ಐದು ಜನ, ನಾಲ್ಕು ವರ್ಷ,
ಮೀನು ಡಬ್ಬಿ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಕೂತು ಮಾಡಿದ್ದು.
ಮಂಜುಗಡ್ಡೆ ಬಿರಿಯುವ ಸದ್ದಿಗೆ ಉಲ್ದಿಸ್ ಎಂಬಾತ
ಒಣಗಿದ ರೈ ರೊಟ್ಟಿಯನ್ನು ಮೈಕಿನ ಮುಂದೆ ಮುರಿದನಂತೆ.
ಶಬ್ದ ಅತ್ಯುತ್ತಮ, ಎಂದು ಬರೆದಿದ್ದಾಳೆ.
ನಕ್ಷೆ ಗೊಂದಲ. ಸಂಭಾಷಣೆ ಕೆಲವೆಡೆ
ಬಸ್ ನಿಲ್ದಾಣದ ಫಲಕದ ಹಾಗೆ.
ನಾಲ್ಕನೇ ದ್ವೀಪದಲ್ಲಿ ಪರದೆ ತೊದಲುತ್ತದೆ.
ಬೆಲೆ ಹದಿನೆಂಟು ಯೂರೋ, ನ್ಯಾಯವೇ.

ಆದರೆ ಮೂರನೇ ಅಧ್ಯಾಯದಲ್ಲಿ ಕುದುರೆ ಜಾರಿ ಬೀಳುತ್ತದೆ.
ಎದ್ದು ನಿಲ್ಲುವವರೆಗೆ ಒಂದು ಗುಂಡಿ ಒತ್ತುತ್ತಿರಬೇಕು.
ಎಲ್ಲರಿಗೂ ಎದ್ದಿತು. ಅವಳಿಗೆ ಏಳಲಿಲ್ಲ.
ನಲವತ್ತು ನಿಮಿಷ ಒತ್ತಿದಳು.
ಹೆಬ್ಬೆರಳು ಮರಗಟ್ಟಿತು, ಚಹಾ ತಣ್ಣಗಾಯಿತು,
ಪರದೆಯಲ್ಲಿ ಕತ್ತಲಾಗಿ, ಮತ್ತೆ ಬೆಳಗಾಗಿ,
ಕುದುರೆಯ ಮೂಗಿನ ಹಬೆ ಮಾತ್ರ
ಹೋಗಿ ಬಂದು, ಹೋಗಿ ಬಂದು.
ಕೊನೆಗೆ ಗುಂಡಿ ಬಿಟ್ಟಳು.
ಅಂಚೆಯವಳು ತಾನಾಗಿಯೇ
ಕುದುರೆಯ ಕೊರಳಿಗೆ ಒರಗಿ ಕೂತಳು.

ಇದು ದೋಷವೋ, ಕುಸುರಿಯೋ?
ಲಿಯೆಪಾಯಕ್ಕೆ ಒಂದು ಸಾಲು ಬರೆದು ಕೇಳಬಹುದು.
ಕೇಳಿದರೆ ಉತ್ತರ ಸಿಗುತ್ತದೆ; ಭಯ ಅದೇ.
ಹತ್ತೊಂಬತ್ತು ವರ್ಷದ ಕಸುಬು,
ಹಿಡಿದ ಕೈಗೆ ಈಗ ತಕ್ಕಡಿಯದೇ ಭಾರ.

ಅವಳಿಗೆ ಗೊತ್ತಿದೆ, ಗೊತ್ತಿರಬಾರದಿತ್ತು:
ಸರಾಸರಿ ಎಂಬತ್ತು ಮುಟ್ಟಿದರೆ ಐವರಿಗೂ ಇನಾಮು,
ಒಪ್ಪಂದದಲ್ಲಿದೆ.
ಎಪ್ಪತ್ತೊಂಬತ್ತಕ್ಕೆ ಒಂದು ಕೇಕು, ಒಂದು ಶಾಬಾಸು.
ವಾರ್ಸಾದವನು ಎಲ್ಲಕ್ಕೂ ಒಂಬತ್ತು ಕೊಡುತ್ತಾನೆ,
ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಹಾಗೆ.
ಹ್ಯಾಂಬರ್ಗಿನವಳ ಕೈಯಲ್ಲಿ ಯಾವುದೂ
ಆರಕ್ಕೇರದು, ಮೂರಕ್ಕಿಳಿಯದು.
ಇನ್ನು, ಆಟ ಕೊಳ್ಳುವ ಮೊದಲೇ
ಸೊನ್ನೆ ಸುತ್ತಿಟ್ಟುಕೊಂಡು ಕಾದವರು ಸಾವಿರ.

ಎಂಟು ಎಂದು ಬರೆದಳು. ಅಳಿಸಿದಳು.
ಎಂಟು ಕೊಟ್ಟರೆ ಕರುಣೆ, ಆರು ಕೊಟ್ಟರೆ ಜಂಬ.
ಮೂರೂ ಐವತ್ತೆಂಟಕ್ಕೆ ಏಳು ಒತ್ತಿ
ಕೋಟು ತೊಟ್ಟು ರೊಟ್ಟಿ ತರಲು ಹೋದಳು.

ಅವಳ ನುಡಿಯಲ್ಲಿ ಏಳೆಂದರೆ
ಆರಾದ ಮೇಲಿನದು, ಅಷ್ಟೇ.
ಕನ್ನಡದಲ್ಲಿ ಇದನ್ನು ಬರೆಯುತ್ತಿರುವ ನನಗೆ ಮಾತ್ರ
ಬೇರೆ ಕೇಳಿಸುತ್ತದೆ:
ಆ ಚೌಕದೊಳಗೆ ಮೊಣಕಾಲೂರಿ ಒಬ್ಬಳು
ಬಿದ್ದ ಪ್ರಾಣಿಯ ಕಿವಿಗೆ ಬಾಯಿಟ್ಟು
ಏಳು, ಏಳು ಅನ್ನುತ್ತಿರುವುದು.

ಸರಾಸರಿ ಎಪ್ಪತ್ತೊಂಬತ್ತಾಯಿತು.

ಹತ್ತು ದಿನಕ್ಕೆ ತಿದ್ದುಪಡಿ ಬಂತು, ಜೊತೆಗೊಂದು ಪಟ್ಟಿ:
ನಕ್ಷೆ ಸರಿಪಡಿಸಿದೆ. ನಾಲ್ಕನೇ ದ್ವೀಪ ಸರಾಗ.
ಕುದುರೆ ಏಳದಿರುವ ದೋಷ ನಿವಾರಿಸಿದೆ.
ಕೆಳಗೆ, ತಾಳ್ಮೆಗೆ ವಂದನೆ, ಉಲ್ದಿಸ್.

ಈಗದು ಮೂರನೇ ಒತ್ತಿಗೆ ಎದ್ದುಬಿಡುತ್ತದೆ
ಮೈ ಕೊಡವಿಕೊಂಡು, ಜಾಹೀರಾತಿನ ಕುದುರೆಯ ಹಾಗೆ.
ಜಿಂತ್ರಾ ಒಮ್ಮೆ ನೋಡಿದಳು.
ಆಮೇಲೆ, ಮೊದಲ ಪ್ರತಿ ಇನ್ನೂ ಉಳಿದಿದ್ದ ಹಳೆಯ ಯಂತ್ರದ
ಇಂಟರ್ನೆಟ್ ತಂತಿ ಕಿತ್ತು,
ಮೂರನೇ ಅಧ್ಯಾಯ ತೆರೆದು,
ಗುಂಡಿ ಮುಟ್ಟದೆ ಕೂತಳು.
ಹಬೆ ಹೋಗಿ ಬರುತ್ತಿತ್ತು.
ಎಷ್ಟು ಎಂದು ಈಗ ಯಾರೂ ಕೇಳುವವರಿಲ್ಲ.
ತಟ್ಟೆಯಲ್ಲಿದ್ದ ಒಣರೊಟ್ಟಿ ಮುರಿದಳು;
ಅದೇ ಸದ್ದು.