ಎರಡು ಅಂಕದ ಪ್ರಶ್ನೆ

ಹದಿನಾಲ್ಕನೇ ಪ್ರಶ್ನೆ, ಎರಡೇ ಅಂಕ:
ಸ್ತ್ರೀವಾದ ಎಂದರೇನು?
ನನ್ನ ಪಾಲಿಗೆ ಬಂದಿದ್ದು ನಲವತ್ತು ಪತ್ರಿಕೆ.
ಮೂವತ್ತೊಂದರಲ್ಲಿ ಒಂದೇ ವಾಕ್ಯ,
ಒಂದೇ ಗೈಡಿನ ಅದೇ ತಪ್ಪು ಕಾಗುಣಿತದ ಸಮೇತ.
ಟಿಕ್ಕು ಹಾಕುತ್ತ ಕೈ ತಾನಾಗಿ ನಡೆದಿತ್ತು,
ಮೂವತ್ತೆರಡರಲ್ಲಿ ಮುಗ್ಗರಿಸಿತು.

‘ನಮ್ಮವ್ವ ಮಂಡಕ್ಕಿ ಭಟ್ಟಿಗೆ ನಸುಕಿನ ನಾಲ್ಕಕ್ಕೇ ಹೋಗಿ
ಸುಡು ಮರಳಿಗೆ ಜರಡಿ ಹಿಡಿಯುತ್ತಾಳೆ.
ಅಪ್ಪ ಅವ್ವನಿಗೆ ಹೆದರುತ್ತಾನೆ.
ಅವ್ವ ಅಪ್ಪನ ಅವ್ವನಿಗೆ ಹೆದರುತ್ತಾಳೆ.
ಇದರಲ್ಲಿ ಸ್ತ್ರೀವಾದ ಎಲ್ಲಿದೆ ನನಗೆ ತಿಳಿಯಲಿಲ್ಲ.
ತಿಳಿದವರು ಅಂಕ ಕೊಡಿ.’

ಸ್ಕೀಮಿನಲ್ಲಿ ಇರುವುದು ಇಷ್ಟು:
ಸಮಾನತೆ ಎಂಬ ಪದವಿದ್ದರೆ ಒಂದು,
ತಕ್ಕ ಉದಾಹರಣೆಗೆ ಇನ್ನೊಂದು.
ಪದವಿಲ್ಲ.
ಉದಾಹರಣೆ ಮಾತ್ರ ಬೆರಳಿಗೆ ಬಿಸಿ ತಾಕುವಷ್ಟು ಕಾದಿದೆ.

ಸಂಜೆ ಸಾಬಿರಾಳ ಸ್ಕೂಟಿಯ ಹಿಂದೆ ಕೂತು ಕೇಳಿದೆ:
‘ನೀನಾದರೆ ಎಷ್ಟು ಕೊಡ್ತಿದ್ದೆ?’
ಅಷ್ಟರಲ್ಲಿ ಅಶೋಕ ಟಾಕೀಸ್ ಹತ್ತಿರ ಗೇಟು ಬಿತ್ತು.
‘ಸೊನ್ನೆ’ ಅಂದಳು ಹೆಲ್ಮೆಟ್ಟಿನೊಳಗಿಂದ.
‘ಅಯ್ಯೋ ಪಾಪ ಅಂತ ಕೊಡೋ ಅಂಕ ಯಾರಿಗೆ ಬೇಕು?
ಆ ಹುಡುಗಿಗೆ ಪದ ಬೇಕು, ವಿಶಾಲಾ.
ಅಣ್ಣಂದಿರ ಮುಂದೆ ಪಾಲು ಕೇಳಿದ್ದು ನಾನು
ಅಳುತ್ತ ಅಲ್ಲ, ಕಾಗದ ಹಿಡಿದು.’

ನಾನು ಏನೋ ಹೇಳಲು ಹೋದೆ,
ಪದ ಗೊತ್ತಿದ್ದೂ ಏನಾಯ್ತು ಎಂಬರ್ಥದ್ದು.
ನುಂಗಿಕೊಂಡೆ.

ಪಕ್ಕದಲ್ಲಿ ನಿಂತಿತ್ತು ಲಗೇಜು ಆಟೋ,
ಮಂಡಕ್ಕಿ ಚೀಲಗಳ ಮೇಲೆ ಒಬ್ಬಾಕೆ,
ಬೆಟ್ಟದ ಮೇಲಿನ ದೇವಿಯ ಹಾಗೆ ಕುಂತು ನಕ್ಕಳು.
‘ಸಮಾನ ಅಂದ್ರ ಏನ್ರಿ ಮೇಡಮ್ಮಾರೆ?
ಈ ಚೀಲಾನೂ ನಾನೇ ಹೊರಬೇಕು, ಒಲಿನೂ ನಂದೇ, ಅಷ್ಟೇ ಅಲ್ಲೇನು?
ನಂಗ ಅದು ಬ್ಯಾಡ.
ಮಧ್ಯಾಹ್ನ ಅರ್ಧ ತಾಸು ಕಾಲು ಚಾಚಾಕ ನೆಳ್ಳು ಬೇಕು,
ಚಿಲಕ ಇರೋ ಕಕ್ಕಸು ಬೇಕು.’
‘ಅದಕ್ಕೇನೇ ಅಮ್ಮಾ, ಸ್ತ್ರೀವಾದ ಅನ್ನೋದು’
ಸಾಬಿರಾ ಹೆಲ್ಮೆಟ್ಟು ತೆಗೆದೇ ಹೇಳಿದಳು.
‘ಹಂಗಾರ ಅಷ್ಟುದ್ದದ ಹೆಸರು ಯಾಕ?
ಚಿಲಕ ಅನ್ರಿ, ಸಾಕು!’

ಮೂವರೂ ನಕ್ಕೆವು.
ಹರಿಹರದ ಕಡೆಯಿಂದ ಗೂಡ್ಸು ಬಂತು,
ಮುಗಿಯದ ಡಬ್ಬಿಗಳು.
ಸದ್ದಿನ ಮೇಲೆ ಸದ್ದೇರಿಸಿ ಆಕೆ ಕೂಗಿದಳು:
‘ಸೊಸಿ ಗಾರ್ಮೆಂಟ್ಸಿಗೆ ಹೋಗ್ತೀನಿ ಅಂತಾಳ.
ಹೊಸ್ತಿಲು ದಾಟು ನೋಡಾಣ ಅಂದೀನಿ!’
ಅದೇ ನಗು, ಅದೇ ಬಾಯಿ.

ಸಾಬಿರಾ ನನ್ನತ್ತ ತಿರುಗಲಿಲ್ಲ.
ನಾನು ಡಬ್ಬಿ ಎಣಿಸತೊಡಗಿದೆ.

ಗೇಟು ಎದ್ದಿತು. ಹಾರನ್ನುಗಳ ನಡುವೆ
ಯಾರ ಮಾತು ಎಲ್ಲಿ ನಿಂತಿತ್ತೋ ಅಲ್ಲೇ ಉಳಿಯಿತು.
ಒಂದು ಚೀಲ ಹರಿದಿತ್ತು, ಆಟೋ ಹೋದ ದಾರಿಯುದ್ದಕ್ಕೂ
ಹಳಿಯ ಮೇಲೆ, ಟಾರಿನ ಮೇಲೆ ಬಿಳಿ ಬಿಳಿ.
ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ನಿಟ್ಟುವಳ್ಳಿಯ ತಿರುವಿನಲ್ಲಿ ಇಳಿಸುತ್ತ ಸಾಬಿರಾ
‘ಒಂದು ಕೊಡು ಬೇಕಾದ್ರೆ’ ಅಂದಳು,
ಆಮೇಲೆ ‘ಬೇಡ, ನಿನ್ನಿಷ್ಟ’ ಅಂದಳು.

ಮನೆಗೆ ಬಂದು ಕಾಲು ತೊಳೆಯುವಾಗ
ಒಳಗೆ ಯಜಮಾನರ ಫೋನು ಟಿಣ್ ಎಂದಿತು.
‘ಬಂತು ನೋಡೇ ನಿನ್ನ ಸಂಬಳ, ಮೂರು ತಿಂಗಳದ್ದು ಒಟ್ಟಿಗೇ!’
ನನಗಿಂತ ಅವರಿಗೇ ಸಂತೋಷ.
ಒಳ್ಳೆಯವರು. ಒಂದು ರೂಪಾಯಿ ಮುಟ್ಟಿದವರಲ್ಲ.
ಆ ನಂಬರು ಬದಲಿಸಬೇಕು ಎಂದುಕೊಂಡೇ ಹನ್ನೊಂದು ವರ್ಷ,
ಹನ್ನೊಂದು ಬ್ಯಾಚಿಗೆ ಅದೇ ಪಾಠ,
ಹಲಗೆಯ ಮೇಲೆ ದುಂಡಗೆ ಬರೆದು, ಅಡಿಗೆರೆ ಎಳೆದು.

‘ಹೂಂ’ ಅಂದೆ.
ಹಿಮ್ಮಡಿಗೆ ಅಂಟಿ ಬಂದಿತ್ತು ಒಂದು ಮಂಡಕ್ಕಿ,
ನೀರು ಬಿದ್ದಿದ್ದೇ ಮೆತ್ತಗಾಯಿತು.

ನಾಳೆ ಹತ್ತಕ್ಕೆ ಬಂಡಲು ಮತ್ತೆ ಬಿಚ್ಚಬೇಕು.
ಮೂವತ್ತೆರಡನೆಯದರ ಅಂಚಿನಲ್ಲಿ
ಪೆನ್ಸಿಲಿನಿಂದ ಪ್ರಶ್ನಾರ್ಥಕ ಒಂದನ್ನು ಹಾಕಿ ಬಂದಿದ್ದೇನೆ.
ಅದು ಯಾರಿಗೆ ಎಂದು
ಹುಡುಗಿ ಕೇಳಲಾರಳು.